ಲಾಡಿ ಕಟ್ಟುವ ಜಾಗ

ಹರಿಹರದಲ್ಲಿ ಖಾನಾವಳಿ ನಡೆಸುವುದು ನಿನ್ನ ಕೈಲಾಗದು ಎಂದು ನನಗೆ ಹೇಳಿದವರು ನಮ್ಮ ಭಾವ. ಹಟಕ್ಕೆ ಬಿದ್ದು, ಸೀರೆ ಬಿಗಿದು ಒಲೆಯ ಮುಂದೆ ನಿಂತೆ. ವರ್ಷಗಳ ಮೇಲೆ ಲಂಗದ ಲಾಡಿ ಒತ್ತುವಲ್ಲಿ ಹುಣ್ಣಾಯಿತು. ಹೆಂಗಸರಿಗೆಲ್ಲ ಇರುವುದೇ ಎಂದು ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಅಲ್ಲೇ ಕಟ್ಟಿದೆ. ತಿಂಗಳುಗಟ್ಟಲೆ ಮಾಯಲಿಲ್ಲ. ಅಂಥ ಹುಣ್ಣನ್ನು ಚರ್ಮದ ಡಾಕ್ಟರಿಗೆ ತೋರಿಸಬೇಕೆಂದು ಪೇಪರಿನಲ್ಲಿ ಓದಿ, ದಾವಣಗೆರೆಗೆ ಹೋಗಿ ಬೋರ್ಡು ಓದುತ್ತ ಒಬ್ಬರನ್ನು ಹುಡುಕಿದೆ.

ಡಾಕ್ಟರಮ್ಮ ನೋಡಿ, “ಲಾಡಿ ಸಡಿಲ ಕಟ್ಟಬಾರದೇನ್ರಿ?” ಎಂದರು.

“ಸೀರೆ ಜಾರಿದ್ರೆ ನೀವು ಬಂದು ಹಿಡ್ಕೊಂತೀರೇನ್ರಿ?”

ನಕ್ಕರು. “ಅಂಚು ಗಟ್ಟಿ ಆಗೈತ್ರಿ. ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು.”

ಕ್ಯಾನ್ಸರೇ ಆಗಿತ್ತು. ಹರಡಿರಲಿಲ್ಲವಾದ್ದರಿಂದ ಹುಣ್ಣನ್ನೂ ಅದರ ಸುತ್ತಲಿನ ಚರ್ಮವನ್ನೂ ಮಾತ್ರ ಕತ್ತರಿಸಿ ತೆಗೆದರು.

ಖಾನಾವಳಿ ಈಗ ಸ್ವಂತದ್ದು. ಅಗಲ ಪಟ್ಟಿಯ ಲಂಗಗಳೂ ಇವೆ. ಎರಡಕ್ಕೂ ಸೇರಿ ಅಂಗೈಯಷ್ಟು ಚರ್ಮ ಕೊಟ್ಟಿದ್ದೇನೆ.