ಖಾರ ಬಿಟ್ಟ ಮೇಲೆ ಉಳಿದ ಕೆಂಪು

ಬ್ಯಾಡಗಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅಲ್ಲಿ ದಲಾಲಿ ಅಂಗಡಿ ನಡೆಸುತ್ತಿದ್ದ ನನ್ನ ಅಪ್ಪನ ಅಂಗೈ, ಕರವಸ್ತ್ರ, ಅಂಗಿಯ ಜೇಬಿನ ಅಂಚು ಎಲ್ಲವೂ ಸುಗ್ಗಿ ಮುಗಿಯುವವರೆಗೆ ಕೆಂಪಾಗಿಯೇ ಇರುತ್ತಿದ್ದವು. ಆದ್ದರಿಂದ ಶೌಚದಲ್ಲಿ ಕೆಂಪು ಕಂಡಾಗ ಅದು ಯಾರಿಗಾದರೂ ಹೇಳಬೇಕಾದ ಸಂಗತಿಯೆಂದು ಅವರಿಗೆ ತೋರಲಿಲ್ಲ. ತಿಂದದ್ದರ ಬಣ್ಣವೇ ಹೊರಗೆ ಬರುತ್ತಿದೆ ಎಂದು ನಂಬಿದ್ದರು. ಕರುಳಿನಲ್ಲಿ ಗಂಟು ಇದೆಯೆಂದು ತಿಳಿಯುವ ಹೊತ್ತಿಗೆ ವೈದ್ಯರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಇದೆಲ್ಲ ಗೊತ್ತಿದ್ದೂ, ಅದೇ ಕೆಂಪು ನನಗೆ ಕಾಣಿಸಿದಾಗ ನಾನು ಮೆಣಸಿನಕಾಯಿಯ ಪರವಾಗಿಯೇ ವಾದ ಹೂಡಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷವನ್ನಾದರೂ ಹಿಡಿದು ಗೆಲ್ಲಲು ಕಲಿತವಳು ನಾನು. ಈಗ ಹಾವೇರಿಯಲ್ಲಿದ್ದುಕೊಂಡು, ಗುತ್ತಲ, ಮೇಡ್ಲೇರಿಯ ಕಡೆಯ ಹೆಣ್ಣುಮಕ್ಕಳನ್ನು ಕೂಡಿಸಿ, ದೇಹದ ವಿಷಯದಲ್ಲಿ ನಾಚಿಕೆ ಬೇಡ, ಕಂಡದ್ದನ್ನು ವೈದ್ಯರಿಗೆ ಹೇಳಿ ಎಂದು ಹೇಳುತ್ತ ಬಂದಿದ್ದೇನೆ. ಆ ಮಾತಿನಲ್ಲಿ ನನಗೆ ಇಂದಿಗೂ ಪೂರ್ಣ ನಂಬಿಕೆಯಿದೆ. ಆದರೆ ಭಯಕ್ಕೆ ನಂಬಿಕೆಯ ಹಂಗಿಲ್ಲ. ಕೆಲವು ದಿನ ಖಾರ ಬಿಟ್ಟರೆ ಸತ್ಯ ತಿಳಿಯುತ್ತಿತ್ತು. ಆ ಕಾರಣಕ್ಕಾಗಿಯೇ ಬಿಡಲಿಲ್ಲ. ರೊಟ್ಟಿಯ ಜೊತೆ ಕೆಂಪು ಮೆಣಸಿನಕಾಯಿ ಅರೆದ ರಂಜಕ ತಿನ್ನುವವರೆಗೆ ಆ ಬಣ್ಣಕ್ಕೆ ಎರಡು ಕಾರಣಗಳಿರಬಹುದಿತ್ತು. ಬಿಟ್ಟರೆ ಒಂದೇ ಉಳಿಯುತ್ತಿತ್ತು.

ಮೇಡ್ಲೇರಿಯಲ್ಲಿ ಒಮ್ಮೆ ರಕ್ತಪರೀಕ್ಷೆಗೆ ಯಾರೂ ಕೈ ಚಾಚಲಿಲ್ಲ. ಹೆದರಬೇಡಿ ಎಂದು ತೋರಿಸಲು ಮೊದಲು ನನ್ನ ಕೈಯನ್ನೇ ಚಾಚಿದೆ. ಆ ದಿನ ಎಲ್ಲರಿಗಿಂತ ಕಡಿಮೆ ರಕ್ತವಿದ್ದದ್ದು ನನ್ನ ಮೈಯಲ್ಲಿ.

ಮರುದಿನ ಬ್ಯಾಡಗಿಯಲ್ಲಿ ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತಾಗ ರಂಜಕದ ಬಟ್ಟಲನ್ನು ಸರಿಸಿದೆ. ಅಪ್ಪನ ಅಂಗಡಿಯನ್ನು ಈಗ ನಡೆಸುತ್ತಿರುವವನು ಅಣ್ಣ.

“ಯಾಕ ತಂಗಿ, ರಂಜಕ ಮುಟ್ಟವಲ್ಲಿ?”

“ಖಾರ ಬಿಟ್ಟೇನಿ, ಅಣ್ಣಾ.”

“ದಲಾಲರ ಮಗಳು ಖಾರ ಬಿಟ್ಲಂತ ಯಾರಿಗೂ ಹೇಳಬ್ಯಾಡ. ನಾಳೆ ಮಾರ್ಕೆಟ್‌ನ್ಯಾಗ ರೇಟ ಬಿದ್ದೀತು!” ಎಂದು ನಕ್ಕು, ನನ್ನ ಪಾಲನ್ನೂ ತನ್ನ ರೊಟ್ಟಿಯ ಮೇಲೆ ಹಾಕಿಕೊಂಡು ಎಣ್ಣೆ ಸುರಿದುಕೊಂಡ.

ನಾನು ಖಾರ ಬಿಟ್ಟೆ. ಕೆಂಪು ನನ್ನನ್ನು ಬಿಡಲಿಲ್ಲ. ಆಗ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ, ಕಾರಿನ ಕೀಲಿ ತೆಗೆದುಕೊಂಡ.

ರಾಣೇಬೆನ್ನೂರಿನ ವೈದ್ಯರು ಬಾಯಿಂದಲೂ ಕೆಳಗಿನಿಂದಲೂ ನಳಿಗೆ ಇಳಿಸಿ ನೋಡಿದರು. ಏನೂ ಸಿಗಲಿಲ್ಲ.

“ನಡುವ ಸಣ್ಣ ಕರುಳು ಉಳೀತ್ರಿ,” ಎಂದರು. “ಅಲ್ಲಿತನಾ ನಮ್ಮ ನಳಿಗಿ ಮುಟ್ಟೂದಿಲ್ಲ. ಹುಬ್ಬಳ್ಳಿಯಿಂದ ಕ್ಯಾಮೆರಾ ಗುಳಿಗಿ ತರಸ್ತೀನಿ. ನುಂಗಿದ್ರ ಆತು, ಅದ ಫೋಟೋ ತಕ್ಕೋತ ಹೊಕ್ಕೈತಿ.”

“ಹೊರಗ ಬರದಿದ್ರರಿ?”

“ಬರತೈತ್ರಿ. ದಾರ್ಯಾಗ ಏನರ ಅಡ್ಡ ಇದ್ರ ಅಷ್ಟ ನಿಲ್ಲತೈತಿ.”

ಅವರು ಧೈರ್ಯ ಹೇಳಲೆಂದೇ ಆಡಿದ ಮಾತು ಅದು. ನನಗೆ ಕೇಳಿಸಿದ್ದು ‘ಅಡ್ಡ’ ಎಂಬುದೊಂದೇ.

ನುಂಗುವ ದಿನ ಅಂಗೈಯಲ್ಲಿಟ್ಟುಕೊಂಡ ಗುಳಿಗೆ ಮಿಣಕ್ ಮಿಣಕ್ ಎಂದು ಬೆಳಗುತ್ತಿತ್ತು. ಜೀವವಿರುವ ಹುಳುವನ್ನು ನುಂಗುವಂತೆ ಹೇಸಿಕೆಯಾಯಿತು. ಗಂಟಲು ದಾಟಿದ ಮೇಲೆ ಏನೂ ತಿಳಿಯಲಿಲ್ಲ. ಆ ತಿಳಿಯದಿರುವಿಕೆ ಇನ್ನೂ ಭಯಂಕರವಾಗಿತ್ತು. ಸೊಂಟಕ್ಕೆ ಚಿತ್ರಗಳನ್ನು ಹಿಡಿದಿಡುವ ಪೆಟ್ಟಿಗೆಯ ಪಟ್ಟಿ ಕಟ್ಟಿ, ಓಡಾಡಿಕೊಂಡಿದ್ದು ಸಂಜೆಗೆ ಬನ್ನಿ ಎಂದರು. ಸುಗ್ಗಿಯ ಕಾಲ; ಅಂಗಡಿ ಬಿಟ್ಟಿರಲಾರದ ಅಣ್ಣ ನನ್ನನ್ನೂ ಬ್ಯಾಡಗಿಯ ಮಾರುಕಟ್ಟೆಗೇ ಕರೆತಂದ.

ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಣಸಿನಕಾಯಿ ರಾಶಿಗಳ ನಡುವೆ ನಡೆದೆ. ಕಣ್ಣು ಹಾಯುವಷ್ಟು ದೂರ ಕೆಂಪು. ಒಂದೊಂದು ಸೀನಿಗೂ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು. ಹಿಂದಿನ ದಿನದಿಂದ ಉಪವಾಸವಿದ್ದ ಹೊಟ್ಟೆಯಲ್ಲಿ ಮೆಣಸಿನಕಾಯಿಯ ಒಂದು ಬೀಜವೂ ಇರಲಿಲ್ಲ. ಈಗ ಆ ಗುಳಿಗೆಯ ದೀಪಕ್ಕೆ ಕೆಂಪು ಕಂಡರೆ ಅದು ರಕ್ತವೇ. ಅಪ್ಪ ಇದೇ ರಾಶಿಗಳ ನಡುವೆ ನಿಶ್ಚಿಂತೆಯಿಂದ ನಗುತ್ತಿದ್ದದ್ದು ನೆನಪಾಗಿ ಚೀಲಗಳ ಮೇಲೆ ಕುಳಿತುಬಿಟ್ಟೆ.

ಸಂಜೆ ಪೆಟ್ಟಿಗೆ ಒಪ್ಪಿಸಿ ಬಂದೆ. ಮರುದಿನ ಗುಳಿಗೆ ಹೊರಗೆ ಬಿದ್ದದ್ದನ್ನು ನಾನೇ ನೋಡಿ ಖಚಿತಪಡಿಸಿಕೊಂಡೆ. ಅಂಥ ಜಾಗದಲ್ಲಿ ಕಣ್ಣೀರಿಡುತ್ತೇನೆಂದು ಎಣಿಸಿರಲಿಲ್ಲ.

ಚಿತ್ರ ನೋಡಲು ಕರೆದಾಗ ಅಣ್ಣನೂ ಒಳಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಪರದೆಯ ಮೇಲೆ ತಿಳಿಗುಲಾಬಿ ಬಣ್ಣದ ಮಡಿಕೆಗಳು ಒಂದಾದ ಮೇಲೊಂದು ಸರಿದವು. ಒಂದು ಕಡೆ ಕೆಂಪು ದಾರದಂಥದು ಕಾಣಿಸಿತು.

“ಇದು ಗಂಟು ಅಲ್ರಿ,” ಎಂದರು ವೈದ್ಯರು. “ರಕ್ತನಾಳ ಉಬ್ಬೈತಿ, ಅಲ್ಲಿಂದ ಒಸರಾಕತ್ತೈತಿ. ಹುಬ್ಬಳ್ಳಿಯೊಳಗ ಉದ್ದನ ನಳಿಗಿ ಇಳಿಸಿ ಅದನ್ನ ಸುಟ್ಟು ನಿಲ್ಲಸ್ತಾರ.” ಆಮೇಲೆ ಅಣ್ಣನ ಕಡೆ ನೋಡಿ, “ನಿಮ್ಮ ಅಪ್ಪಾರಿಗೆ ಗಂಟಿತ್ತಂದ್ರ ನೀವೂ ಒಮ್ಮೆ ತೋರಿಸ್ಕೋರಿ,” ಎಂದರು.

ಮರಳುವಾಗ, ಬದುಕಿದೆ ಎಂಬ ಸಮಾಧಾನದಲ್ಲಿ ದಾರಿಯುದ್ದಕ್ಕೂ ನಾನೇ ಮಾತಾಡುತ್ತಿದ್ದೆ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ದಾರಿಗೆ ಇಂಡಿಕೇಟರ್ ಹಾಕಿದ ಅಣ್ಣ ತಿರುಗದೆ ಕಾರನ್ನು ಬದಿಗೆ ನಿಲ್ಲಿಸಿದ.

“ತಂಗಿ, ಖಾರ ಬಿಟ್ಟ ಮ್ಯಾಲ ಎಷ್ಟ ದಿನ ನೋಡಬೇಕ?”

“ಯಾರ ಸಲುವಾಗಿ ಕೇಳಾಕತ್ತಿ, ಅಣ್ಣಾ?”

ಅವನು ಸ್ಟೀರಿಂಗ್ ಮೇಲಿದ್ದ ತನ್ನ ಕೆಂಪು ಬೆರಳುಗಳನ್ನೇ ನೋಡುತ್ತಿದ್ದ.

“ನಾ ಇನ್ನೂ ಬಿಟ್ಟಿಲ್ಲ. ಬಿಡಾಕ ಧೈರ್ಯ ಆಗವಲ್ದು.”

ಮೇಡ್ಲೇರಿಯಲ್ಲಿ ಇಂಥ ಮಾತಿಗೆ ನನ್ನ ಬಳಿ ಎಷ್ಟೊಂದು ಉತ್ತರಗಳಿದ್ದವು.

“ಡಾಕ್ಟರು ಇನ್ನೂ ದವಾಖಾನ್ಯಾಗ ಇರತಾರ,” ಎಂದಷ್ಟೇ ಹೇಳಿದೆ.

ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅಣ್ಣ ಅದನ್ನು ಆರಿಸಿ, ಕಾರನ್ನು ರಾಣೇಬೆನ್ನೂರಿನ ಕಡೆಗೆ ತಿರುಗಿಸಿದ.