ಬಿಟ್ಟು ಓದಿ ಎಂದ ಒಂದು ಪುಟ

ಆ ಜೆರಾಕ್ಸ್ ಹಾಳೆಗಳು ಸೊಟ್ಟಗೆ ಬಂದಿದ್ದವು. ಪ್ರತಿ ಪುಟದ ಬಲಗಡೆ ಒಂದು ಕಪ್ಪು ಪಟ್ಟಿ. ಹಿಂದೆ ಓದಿದವರು ಯಾರೋ ಎಳೆದಿದ್ದ ಪೆನ್ಸಿಲ್ ಗೆರೆಗಳು ಅಕ್ಷರಗಳ ಮೇಲೇ ಹತ್ತಿಕೊಂಡಿದ್ದವು. ಫೋಟೊ ಹಿಡಿದರೆ ತಾನೇ ಓದಿ ಹೇಳುವ ಫೋನಿನ ಆ್ಯಪ್ ಅದನ್ನು ನೋಡಿ ಏನೇನೋ ಬಡಬಡಿಸುತ್ತಿತ್ತು. ಹಾಗಾಗಿ ಆ ಹುಡುಗಿಗೆ ಓದಿ ಹೇಳುವವರೊಬ್ಬರು ಬೇಕಾಯಿತು. ನಮ್ಮ ಮೂರನೆಯ ಮಹಡಿಯ ನಿವೃತ್ತ ಟೀಚರು ನನ್ನನ್ನು ತೋರಿಸಿದರು. "ನಿಮ್ಮದು ಕಾನ್ವೆಂಟ್ ಇಂಗ್ಲಿಷು. ಮಧ್ಯಾಹ್ನ ಫ್ರೀಯಾಗೇ ಇರ್ತೀರಲ್ಲ" ಎಂದರು. ಮನೆಯಲ್ಲಿರುವ ಹೆಂಗಸರ ಮಧ್ಯಾಹ್ನದ ಬಗ್ಗೆ ಎಲ್ಲರಿಗೂ ಅದೇ ಅಭಿಪ್ರಾಯ.

ಹುಡುಗಿ ಎಂ.ಎ. ಇಂಗ್ಲಿಷ್ ಎರಡನೆಯ ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣದು. ಅಪ್ಪ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿರುವವರು. ಅಮ್ಮ ವಾರಕ್ಕೆರಡು ಮಧ್ಯಾಹ್ನ ಮಗಳನ್ನು ಕರೆದುಕೊಂಡು, ನಡುವೆ ರೈಲು ಬದಲಿಸಿ, ಮೈಲಾಪೂರಿನ ನಮ್ಮ ಮನೆಗೆ ಬರುತ್ತಿದ್ದರು. ಅಮ್ಮನದು ಅಚ್ಚ ಹುಬ್ಬಳ್ಳಿ ಮಾತು. ಮಗಳಿಗೆ ಅದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು. ನನ್ನೊಂದಿಗೆ ಕನ್ನಡದಲ್ಲೇ ಮಾತಾಡಲು ನೋಡುತ್ತಿದ್ದಳು. ಮದರಾಸಿನಲ್ಲೇ ಹುಟ್ಟಿ ಬೆಳೆದ ನನ್ನ ಕನ್ನಡ ಅವಳದಕ್ಕಿಂತ ಬಹಳ ಮೇಲೇನೂ ಅಲ್ಲ.

ಆ ಸೆಮಿಸ್ಟರಿಗೆ ಅವಳು ಆರಿಸಿಕೊಂಡ ಪತ್ರಿಕೆ ಹಾಲೊಕಾಸ್ಟ್ ಸಾಹಿತ್ಯ. ಕಳೆದ ಶತಮಾನದಲ್ಲಿ ನಾಜಿಗಳು ಯುರೋಪಿನ ಯಹೂದಿಗಳನ್ನು ಒಬ್ಬರೂ ಉಳಿಯದಂತೆ ಕೊಂದು ಮುಗಿಸಲು ಹೊರಟರಲ್ಲ, ಅದರಿಂದ ಹುಟ್ಟಿದ ಬರಹಗಳು. ಕಥೆ, ಕವಿತೆಗೆ ಕೈ ಹಾಕುವ ಮೊದಲು ಮಕ್ಕಳಿಗೆ ಗೊತ್ತಿರಬೇಕಾದ ಪದಗಳನ್ನು ಅವರ ಮೇಡಂ ಒಟ್ಟುಮಾಡಿ, ಒಂದೊಂದಕ್ಕೂ ವಿವರಣೆ ಬರೆದು ಕೊಟ್ಟಿದ್ದರು. ನಾನು ಓದಬೇಕಾಗಿದ್ದುದು ಅದನ್ನು. ಊಟದ ಮೇಜಿನ ಮೇಲೆ ಫೋನು ಇಟ್ಟು ಅವಳು ರೆಕಾರ್ಡ್ ಮಾಡಿಕೊಳ್ಳುವಳು.

ಮೊದಲ ದಿನ, ಒಂದು ಪುಟ ಮುಗಿಯುವ ಮುಂಚೆಯೇ ಕೈ ಎತ್ತಿದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ತುಂಬಾ ಸ್ವೀಟಾಗಿ ಓದ್ತೀರಿ."

"ಸಿಸ್ಟರ್‌ಗಳು ಹಾಗೇ ಕಲಿಸಿದ್ದು ಕಣಮ್ಮ."

"ಯಹೂದಿಗಳನ್ನ ಕೂಡಿಹಾಕಿದ ಕೇರಿ, ಆ ಘೆಟ್ಟೋ ಅನ್ನೋದನ್ನ ಬರ್ತ್‌ಡೇ ಕಾರ್ಡ್ ಓದಿದ ಹಾಗೆ ಓದಿದ್ರಿ. ಸೆಂಟ್ರಲ್ ಸ್ಟೇಷನ್‌ನಲ್ಲಿ ಟ್ರೈನ್ ಲೇಟು ಅಂತ ಹೇಳ್ತಾರಲ್ಲ, ಅಪ್ಪಡಿ ಪಡಿಂಗ, ಹಾಗೆ ಓದಿ."

ಅವರಮ್ಮ ಮಗಳ ಮೊಣಕೈ ಹಿಂಡಿದರು. "ಹಿರೇರಿಗೆ ಹಂಗ ಅಂತಾರೇನ? ಅವ್ರು ಪುಕ್ಕಟೆ ಓದಾಕತ್ತಾರ."

ನನಗೆ ಬೇಸರವಾಗಲಿಲ್ಲ. ಶಾಲೆಯಲ್ಲಿ ನಮಗೆ ವಾಚನದ ಕ್ಲಾಸು ಇತ್ತು. ಎರಡೂ ಕೈ ಎದೆಯ ಕೆಳಗೆ ಜೋಡಿಸಿಕೊಂಡು, ಎಲ್ಲಿ ದನಿ ಏರಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಕಲಿತದ್ದು. ಆ ಕೈಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮೊದಲಿನಿಂದ ಓದಿದೆ. ಏರಿಳಿತ ಬಿಡುವುದು ಮೊದಲು ಕಷ್ಟವಾಯಿತು, ಪುಟ ಕಳೆದಂತೆ ಸುಲಭವಾಯಿತು. ಪದಗಳೇ ಹಾಗಿದ್ದವು. ಸ್ಥಳಾಂತರ. ಆಯ್ಕೆ. ವಿಶೇಷ ಉಪಚಾರ. ನಮ್ಮ ಮನೆಯವರ ಇನ್ಶೂರೆನ್ಸ್ ಆಫೀಸಿನ ಕಾಗದಗಳಲ್ಲಿ ಬರಬಹುದಾದಂಥ ಸಭ್ಯ ಪದಗಳು. ಕೆಳಗಿನ ವಿವರಣೆ ಓದಿದಾಗಲೇ ತಿಳಿಯುವುದು: ಸ್ಥಳಾಂತರವೆಂದರೆ ಜನರನ್ನು ಗೂಡ್ಸ್ ವ್ಯಾಗನ್ನುಗಳಿಗೆ ತುಂಬಿ ಕಳಿಸಿದ್ದು, ಆಯ್ಕೆಯೆಂದರೆ ಸೆರೆಶಿಬಿರದ ಬಾಗಿಲಲ್ಲಿ ಸಾಲು ನಿಲ್ಲಿಸಿ ದುಡಿಯಬಲ್ಲವರು ಒಂದು ಕಡೆ, ಉಳಿದವರು ಸಾಯಲು ಇನ್ನೊಂದು ಕಡೆ ಎಂದು ಬೆರಳು ತೋರಿಸಿದ್ದು. ವಿಶೇಷ ಉಪಚಾರವೆಂದರೆ ಕೊಲ್ಲುವುದು.

ಅವರಮ್ಮನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಅಡುಗೆಮನೆಯ ಹೊಸ್ತಿಲ ಈಚೆ ನಿಂತೇ ಏನಾದರೂ ಕೆಲಸ ಕೇಳುವರು. ನಾನು ಬೀನ್ಸ್ ಬುಟ್ಟಿ ತಂದುಕೊಟ್ಟರೆ ನಾರು ತೆಗೆಯುತ್ತ, ಒಂದೊಂದು ಪದ ಮುಗಿದಾಗಲೂ "ಏನಂತ್ರಿ ಅಕ್ಕಾರ?" ಎನ್ನುವರು. ನಾನು ಕನ್ನಡದಲ್ಲಿ ಎರಡು ಮಾತು ಹೇಳುವೆ. ಹುಡುಗಿ ರೆಕಾರ್ಡಿಂಗ್ ನಿಲ್ಲಿಸುತ್ತಿರಲಿಲ್ಲ. ಅದೂ ಇರಲಿ, ರಿವಿಷನ್‌ಗಾಗುತ್ತೆ ಎನ್ನುವಳು.

ಹಾಲೊಕಾಸ್ಟ್ ಎಂಬ ಪದ ಬಂದ ದಿನ ನಾನು ಓದಿದೆ: ಮೂಲದಲ್ಲಿ ಗ್ರೀಕ್, ಪೂರ್ತಿಯಾಗಿ ಸುಟ್ಟು ದೇವರಿಗೆ ಅರ್ಪಿಸಿದ ಬಲಿ ಎಂಬ ಅರ್ಥ. ಕನ್ನಡದಲ್ಲಿ ಹೇಳಿದಾಗ ಅವರಮ್ಮನ ಕೈಯ ಬೀನ್ಸ್ ಅಲ್ಲೇ ನಿಂತಿತು.

"ಯಾವ ದೇವರು ಬೇಡಿದ್ದನಂತ್ರಿ?"

"ಯಾರೂ ಬೇಡಲಿಲ್ಲ. ಅದಕ್ಕೇ ಅವರಲ್ಲಿ ಎಷ್ಟೋ ಜನ ಈ ಪದ ಒಪ್ಪಲ್ಲವಂತೆ. ಶೋಆ ಅಂತಾರಂತೆ. ಅವರ ಹೀಬ್ರೂ ಭಾಷೆಯಲ್ಲಿ ಸರ್ವನಾಶ ಅಂತ."

"ಅದು ಛಲೋ ಐತಿ" ಎಂದವರು, ತಕ್ಷಣ ನಾಲಿಗೆ ಕಚ್ಚಿಕೊಂಡರು. "ಛಲೋ ಅಂದ್ರ ಛಲೋ ಅಲ್ರಿ. ಖರೇ ಶಬ್ದ."

ನಮ್ಮ ಪತ್ರಿಕೆಗಳಲ್ಲಿ ಇಂಥದಕ್ಕೆಲ್ಲ ನರಮೇಧ ಎಂದು ಹಾಕುತ್ತಾರೆ. ಮೇಧ ಎಂದರೂ ಯಾಗವೇ, ಬಲಿಯೇ. ವರ್ಷವರ್ಷವೂ ಹೋಮ ಮಾಡಿಸುವ ಮನೆಯವಳಾಗಿ ಆ ಪದವನ್ನು ಬೆಳಗಿನ ಕಾಫಿಯ ಜೊತೆ ಎಷ್ಟು ಸಲ ಓದಿದ್ದೆನೋ. ಅದರೊಳಗೆ ಏನಿದೆ ಎಂದು ಅವತ್ತಿನವರೆಗೆ ನೋಡಿರಲಿಲ್ಲ.

ಒಂದು ಮಂಗಳವಾರ ಆ ಪುಟ ಬಂತು. ತಲೆಬರಹ, "ಬದುಕಲು ಯೋಗ್ಯವಲ್ಲದ ಬದುಕು". ನಾನು ಅದನ್ನೂ ಮೊದಲ ವಾಕ್ಯವನ್ನೂ ಇಂಗ್ಲಿಷಿನಲ್ಲಿ ಓದಿದೆ. ಕುರುಡುತನ, ಕಿವುಡುತನ, ಮೂರ್ಛೆರೋಗ ವಂಶದಲ್ಲಿ ಬಂದಿದೆ ಎನಿಸಿದವರಿಗೆ ಮಕ್ಕಳಾಗದಂತೆ ಬಲವಂತವಾಗಿ ಆಪರೇಷನ್ ಮಾಡಿಸುವ ಕಾನೂನು ಮೊದಲು ಬಂತು ಎಂದಿತ್ತು. ಅವರಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರದು. ಆದರೆ ಬ್ಲೈಂಡ್ ಎಂಬ ಪದ ಆಸ್ಪತ್ರೆಯ ಸರ್ಟಿಫಿಕೇಟಿನಿಂದ, ರೈಲಿನ ಕನ್ಸೆಷನ್ ಕಾರ್ಡಿನಿಂದ ಅವರಿಗೆ ಚೆನ್ನಾಗಿ ಪರಿಚಯ.

"ನಿಲ್ಲಸ್ರಿ" ಎಂದು ಎದ್ದರು. ಯಾವತ್ತೂ ಹೊಸ್ತಿಲು ದಾಟದವರು ನೇರ ಅಡುಗೆಮನೆಯೊಳಗೆ ಹೋಗಿ ಫ್ರಿಜ್ಜಿನ ಪಕ್ಕ ನಿಂತರು. ನಾನು ಹಾಳೆ ಹಿಡಿದುಕೊಂಡೇ ಹಿಂದೆ ಹೋದೆ.

"ಮುಂದ ಏನೈತಿ ಅದರಾಗ?"

ನಾನು ಅಷ್ಟರಲ್ಲಿ ಕೆಳಗಿನವರೆಗೂ ಕಣ್ಣಾಡಿಸಿದ್ದೆ. ಮೆಲ್ಲಗೆ ಹೇಳಿದೆ. ಮೊದಲು ಆಪರೇಷನ್. ಆಮೇಲೆ ಆಸ್ಪತ್ರೆಗಳಲ್ಲಿ, ಆಶ್ರಮಗಳಲ್ಲಿ ಇದ್ದ ಅಂಗವಿಕಲರನ್ನು, ಬುದ್ಧಿ ಬೆಳೆಯದ ಮಕ್ಕಳನ್ನು ಡಾಕ್ಟರುಗಳೇ ಆರಿಸಿ ಕೊಲ್ಲಿಸಿದರು. ಅದನ್ನು ದಯೆ ಎಂದು ಕರೆದರು.

ಅವರು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅದೊಂದು ಬಿಟ್ಟು ಓದ್ರಿ ಅಕ್ಕಾರ. ಮುಂದಿನ ಹಾಳಿ ತಿರುವಿಬಿಡ್ರಿ. ಬಸ್ಸಿನಾಗ, ರೈಲಿನಾಗ ಮಂದಿ ಅನ್ನೂದು ಆಕಿಗೆ ಸಾಲದೇನು? ಪುಸ್ತಕದಾಗೂ ಅದನ್ನ ಕೇಳಬೇಕ?"

ತಿರುವಿಬಿಡುವುದು ನನ್ನ ಕೈಯಲ್ಲೇ ಇತ್ತು. ಒಬ್ಬರ ಪಾಲಿಗೆ ಒಂದು ಪುಟವೇ ಇಲ್ಲದಂತೆ ಮಾಡಬಹುದಾದ ಅಧಿಕಾರ. ಮನೆಯಲ್ಲಿ ನನಗೆ ಅಷ್ಟು ದೊಡ್ಡ ಅಧಿಕಾರ ಯಾರೂ ಕೊಟ್ಟದ್ದಿಲ್ಲ.

ಹಾಲಿನಿಂದ ಹುಡುಗಿಯ ದನಿ ಬಂತು. "ಇಬ್ರೂ ಅಲ್ಲಿ ಯಾರ ಕಣ್ಣು ಮುಚ್ಚೋಕೆ ಪ್ಲ್ಯಾನ್ ಮಾಡ್ತಿದ್ದೀರಿ? ನಂದು ಆಲ್ರೆಡಿ ಮುಚ್ಚಿದೆ!"

"ಬಾಯಿ ನೋಡ್ರಿ ಆಕೀದು" ಎಂದರು ಅವರಮ್ಮ. ಬೈಗುಳದ ದನಿ ಅಲ್ಲ.

ನಾವು ಹೊರಗೆ ಬಂದಾಗ ಹುಡುಗಿ ಫೋನನ್ನು ಬೋರಲು ಹಾಕಿ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಶುಕ್ರವಾರ ಸೆಮಿನಾರ್ ಎಂದಳು. ಮೇಡಂ ಪದಗಳನ್ನು ಎಲ್ಲರಿಗೂ ಹಂಚಿದ್ದಾರೆ. ಇವಳಿಗೆ ಬಂದದ್ದು ವಲಸೆ, ಆತ್ಮಕಥನ, ಸಾಕ್ಷಿ. ಈ ಪುಟದ ಪದ ಇವಳ ಪಕ್ಕದಲ್ಲೇ ಕೂರುವ ಗೆಳತಿಗೆ ಹೋಗಿದೆ.

"ಅವಳು ಎಲ್ಲಾ ಹೇಳ್ತಾಳೆ, ಇದೊಂದರ ಬಗ್ಗೆ ಮಾತೇ ಇಲ್ಲ. ಅದರಲ್ಲೇ ನನಗೆ ಗೊತ್ತಾಯ್ತು, ನನ್ನಂಥವರ ವಿಷಯ ಇದೆ ಅಂತ. ಶುಕ್ರವಾರ ಅವಳು ಓದುವಾಗ ಇಡೀ ಕ್ಲಾಸು ನನ್ನ ಮುಖ ನೋಡುತ್ತೆ. ಅವರ ಮುಖ ನನಗೆ ಕಾಣಲ್ಲ ಆಂಟಿ. ನನ್ನ ಮುಖ ಅವರಿಗೆ ಕಾಣುತ್ತೆ. ಮೊದಲ್ನೇ ಸಲ ನಾನು ಅದನ್ನ ಅಲ್ಲಿ ಕೇಳಲ್ಲ. ಇಲ್ಲಿ ಕೇಳ್ಬೇಕು." ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮಾ, ನೀ ಬೇಕಾದ್ರೆ ಬಾಲ್ಕನೀಲಿ ಇರು."

ನಾನು ಅವರಮ್ಮನನ್ನು ನೋಡಿದೆ. ಅವರು ಬಾಲ್ಕನಿಯ ಕಡೆ ನೋಡಿದರು. ಅಲ್ಲಿ ಒಣಗಿದ ಬಟ್ಟೆ ತೆಗೆಯದೆ ಹಾಗೇ ಇತ್ತು. ಕುರ್ಚಿಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಓದ್ರಿ. ನನಗೂ ಹೇಳ್ಕೋತ ಓದ್ರಿ."

ಒಂದು ವಾಕ್ಯ ಇಂಗ್ಲಿಷಿನಲ್ಲಿ, ಅದೇ ವಾಕ್ಯ ಕನ್ನಡದಲ್ಲಿ. ದನಿ ಏರದಂತೆ, ನಡುಗದಂತೆ ನೋಡಿಕೊಂಡೆ. ಡಾಕ್ಟರುಗಳು ಮಕ್ಕಳನ್ನು ನೋಡದೆ ಕಾಗದ ನೋಡಿಯೇ ಗುರುತು ಹಾಕುತ್ತಿದ್ದರು. ಕರೆದೊಯ್ಯಲು ಬಸ್ಸುಗಳು ಬರುತ್ತಿದ್ದವು, ಒಳಗಿರುವವರು ಹೊರಗೆ ಕಾಣದಂತೆ ಕಿಟಕಿಗಳಿಗೆ ಬಣ್ಣ ಬಳಿದಿರುತ್ತಿತ್ತು. ಇನ್ನೂ ಒಳ್ಳೆಯ ಚಿಕಿತ್ಸೆ ಸಿಗುವ ಕಡೆಗೆ ಎಂದು ತಂದೆತಾಯಿಗೆ ಹೇಳಲಾಗುತ್ತಿತ್ತು. ಹುಡುಗಿ ಅಲ್ಲಾಡದೆ ಕೇಳುತ್ತಿದ್ದಳು. ಅವಳ ಹೆಬ್ಬೆರಳು ಮಾತ್ರ ಮೇಜಿನ ಪ್ಲಾಸ್ಟಿಕ್ ಹೊದಿಕೆಯ ಅಂಚನ್ನು ಸುರುಳಿ ಸುತ್ತುತ್ತಿತ್ತು.

"ತಾಯಂದ್ರು ಹೆಂಗ ಕೊಟ್ರು?" ಅವರಮ್ಮ ಕೇಳಿದರು.

"ಒಳ್ಳೇದಾಗುತ್ತೆ ಅಂತ ನಂಬಿದ್ರು."

"ನನಗೂ ಹಂಗ ಹೇಳಿದ್ರು. ಐದು ವರ್ಷದಾಕಿ ಇದ್ಲು. ಹಾಸ್ಟೆಲ್ ಛಲೋ ಐತಿ, ಕಳಿಸಿಕೊಡ್ರಿ ಅಂದ್ರು. ಮನಿ ಮುಂದ ವ್ಯಾನ್ ಬಂದು ನಿಂತ್ತು. ನಾನ ಎತ್ತಿ ಕೂಡಿಸಿದೆ."

"ಅಮ್ಮಾ, ಅದು ಸ್ಕೂಲು!"

"ಹೌದು, ಸ್ಕೂಲ. ಆದ್ರ ನಾ ನೋಡಿದ್ನೇನ? ಅವ್ರು ಅಂದ್ರು, ನಾ ಕೊಟ್ಟೆ. ಆ ತಾಯಂದ್ರಿಗೂ ಅಂದ್ರು, ಅವರೂ ಕೊಟ್ರು."

ಹುಡುಗಿ ಕೈ ಚಾಚಿ ತಡವಿದಳು. ಮೊದಲು ಸಿಕ್ಕಿದ್ದು ಬೀನ್ಸ್ ಬುಟ್ಟಿ, ಆಮೇಲೆ ತಾಯಿಯ ಮಣಿಕಟ್ಟು. "ಆ ವ್ಯಾನಲ್ಲಿ ನಾನು ಪಾಟ್ಟು ಹಾಡ್ಕೊಂಡೇ ಹೋದೆ. ತಲೆನೋವು ಬರುತ್ತೆ ಸುಮ್ಮನಿರು ಅಂತ ಡ್ರೈವರ್ ಅಣ್ಣ ಬೈದ್ರು."

"ಹೂಂ. ನಾ ಬಾಗಲಾಗ ಅಳಾಕತ್ತಿದ್ದೆ, ನೀ ತಿರುಗಿ ಸೈತ ನೋಡ್ಲಿಲ್ಲ."

"ನೋಡಿ ಏನ್ ಮಾಡ್ಲಿ?"

ಇಬ್ಬರೂ ಒಟ್ಟಿಗೇ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಾಳೆಯ ಕಡೆ ನೋಡಿದೆ. ಇನ್ನೂ ಕೆಲವು ಸಾಲು ಉಳಿದಿದ್ದವು. ಕೊಂದಮೇಲೆ ಮನೆಗೆ ಸುಳ್ಳು ಕಾಯಿಲೆಯ ಹೆಸರು ಬರೆದು ತಿಳಿಸಿದ್ದು, ಅಲ್ಲಿ ಕಲಿತ ಕೊಲ್ಲುವ ವಿದ್ಯೆಯನ್ನೇ ಆಮೇಲೆ ಶಿಬಿರಗಳಿಗೆ ಒಯ್ದದ್ದು. ಅವನ್ನೂ ಓದಿದೆ. ಕೊನೆಯ ಸಾಲಿನ ಕನ್ನಡ ಹೇಳಿ ಮುಗಿಸಿದಾಗ ಹುಡುಗಿ ಫೋನು ತಿರುಗಿಸಿ ರೆಕಾರ್ಡಿಂಗ್ ನಿಲ್ಲಿಸಿದಳು. ನಾನು ಕಾಫಿ ಮಾಡಿದೆ. ಅವರಮ್ಮ ಕಾಫಿಯನ್ನು ಆರಿಸಿ ಆರಿಸಿ ಕುಡಿದರು. ಹೊರಡುವಾಗ ಎಂದಿನಂತೆ ಮಗಳ ಚಪ್ಪಲಿಯನ್ನು ಅವಳ ಕಾಲಿಗೆ ನೇರ ಮಾಡಿಟ್ಟರು.

ಮುಂದಿನ ವಾರ ಅವರು ಬಂದಾಗ ಸೆಮಿನಾರ್ ಮುಗಿದಿತ್ತು. ಹುಡುಗಿ ಇನ್ನೂ ಕೂರುವ ಮೊದಲೇ ಶುರುಮಾಡಿದಳು.

"ಅವಳು ಚೆನ್ನಾಗೇ ಓದಿದ್ಲು ಆಂಟಿ. ಆದ್ರೆ ಮೊದಲ್ನೇ ವಾಕ್ಯದಲ್ಲೇ ಕಿವುಡರು, ಮೂರ್ಛೆರೋಗದವರು ಅಂತ ಹೋಗ್ಬಿಟ್ಲು. ಅದಕ್ಕೂ ಮುಂಚೆ ಇದ್ದ ಒಂದು ಪದ ಬಿಟ್ಲು. ಪಾವಂ, ನನಗೋಸ್ಕರ. ಎಲ್ಲರ ಕೈಯಲ್ಲೂ ಅದೇ ಹಾಳೆ. ಎಲ್ಲರಿಗೂ ಗೊತ್ತು ಏನು ಬಿಟ್ಟಳು ಅಂತ."

"ನೀನೇನು ಮಾಡಿದೆ?"

"ಕೈ ಎತ್ತಿದೆ. ಎಕ್ಸ್‌ಕ್ಯೂಸ್ ಮಿ, ಒಂದು ಬಿಟ್ಟುಹೋಯ್ತು, ಬ್ಲೈಂಡ್ ಅಂತ ಮೊದಲು ಬರುತ್ತೆ ಅಂದೆ."

"ಮೇಡಂ?"

"ಅವಳಿಗೇ ಬಿಟ್ರು. ಅವಳು ಸಾರಿ ಅಂತ ಹೇಳಿ ಮತ್ತೆ ಮೊದಲಿಂದ ಓದಿದ್ಲು. ಪೂರ್ತಿ."

ಅವರಮ್ಮ ಬೀನ್ಸ್‌ಗಾಗಿ ಕಾಯದೆ ತಾವೇ ಅಡುಗೆಮನೆಗೆ ಹೋಗಿ ನೀರಿನ ಚೊಂಬು ತಂದಿದ್ದರು. ಈ ಕಥೆಯನ್ನು ರೈಲಿನಲ್ಲಿ ಆಗಲೇ ಕೇಳಿರಬೇಕು. ಆದರೂ ಮಗಳ ಮುಂದೆ ಲೋಟ ಇಡುತ್ತ ಕೇಳಿದರು.

"ಜೋರ ಹೇಳಿದಿಲ್ಲೋ?"

"ಹೇಳ್ದೆ ಅಮ್ಮಾ."

"ಹಿಂದಿನ ಬೆಂಚಿನವರಿಗೆ ಕೇಳಿಸ್ತ?"

"ಕಾರಿಡಾರ್‌ಗೇ ಕೇಳಿಸ್ತು."

"ಹಂಗಾದ್ರ ಸಾಕು" ಎಂದು ಕೂತರು. ನನ್ನ ಕಡೆ ನೋಡಿದರು. "ಇವತ್ತು ಯಾವ ಶಬ್ದ ಐತ್ರಿ ಅಕ್ಕಾರ?"