ಬಾಗಿಲ ಬಳಿಯ ಬೂಟು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ದುಭಾಷಿ ಎಂದೇ. ರಕ್ತಪರೀಕ್ಷೆಯ ಲ್ಯಾಬ್ ಅದು. ಯಂತ್ರದ ಲೆಕ್ಕ ಹಾಕುವ ಹಳೆಯ ಪ್ರೋಗ್ರಾಂ ಒಂದು ಭಾಷೆಯದು, ರೋಗಿಗಳ ಮೊಬೈಲಿಗೆ ಫಲಿತಾಂಶ ಕಳಿಸುವ ಹೊಸದು ಇನ್ನೊಂದು ಭಾಷೆಯದು. ಒಂದರ ಮಾತು ಇನ್ನೊಂದಕ್ಕೆ ತಲೆಬುಡ ತಿಳಿಯದು. ನಡುವೆ ನಿಂತು ಇದರ ಕರೆಯನ್ನು ಅದಕ್ಕೆ, ಅದರ ಉತ್ತರವನ್ನು ಇದಕ್ಕೆ ಮುಟ್ಟಿಸುವ ಕೋಡ್ ಬರೆಯುವುದೇ ಅವಳ ಹೊಟ್ಟೆಪಾಡು. ಗಂಡ ತೀರಿಕೊಂಡ ವಾರದಲ್ಲೇ ಬಂದು ಕುರ್ಚಿಯಲ್ಲಿ ಕೂತಳು. ಗಟ್ಟಿಗಿತ್ತಿ ಅಂದರು ಜನ. ಎಂಥ ಗಟ್ಟಿ, ಎಂಥ ಮಣ್ಣು! ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೆ. ಅಳು ಬರಲಿಲ್ಲ, ಹಸಿವೆಯೂ ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲಿ ಉಳಿದವರು ಅತ್ತೆ ಮತ್ತು ಅವಳು. ಗಂಡನ ಬೂಟು ಬಾಗಿಲ ಬಳಿ ಬಿಟ್ಟಲ್ಲೇ ಇತ್ತು. ಅತ್ತೆ ಅದನ್ನು ಬಿಟ್ಟು ಸುತ್ತಲೂ ಗುಡಿಸುತ್ತಿದ್ದರು, ಇವಳು ಅದನ್ನು ದಾಟಿ ಓಡಾಡುತ್ತಿದ್ದಳು. ಕೈ ಮಾತ್ರ ಇಬ್ಬರದೂ ಅದರತ್ತ ಏಳಲಿಲ್ಲ. ಒಂದು ದಿನ ಅತ್ತೆ, "ಭಾನುವಾರ ಮಗಳ ಮನೆಗೆ ಹೋಗ್ತೀನಮ್ಮ. ಅಲ್ಲೇ ಇದ್ದುಬಿಡ್ತೀನಿ. ಬಾಗಿಲು ತೆಗೆದ್ರೆ ಆ ಬೂಟು, ನನ್ನ ಕೈಲಿ ನೋಡೋಕಾಗಲ್ಲ" ಎಂದರು. ಅವರೂ ಹೋದರೆ ಇವಳಿಗೆ ತನ್ನವರು ಅಂತ ಯಾರೂ ಇಲ್ಲ. ಹೋಗಬೇಡಿ ಅನ್ನಬೇಕಿತ್ತು. ಬಾಯಿಂದ ಬಂದದ್ದು "ಹೂಂ" ಒಂದೇ. ಥೂ, ಅದೆಂಥ ನಾಲಿಗೆಯೋ!

ಶನಿವಾರ ಲ್ಯಾಬಿನ ಕಂಪ್ಯೂಟರ್ ನಿಂತೇಹೋಯಿತು. ಪ್ರತಿ ಫಲಿತಾಂಶಕ್ಕೂ ಹಳೆಯ ಪ್ರೋಗ್ರಾಂ ಮೆಮೊರಿಯಲ್ಲಿ ಒಂದಿಷ್ಟು ಜಾಗ ಹಿಡಿದು, ಬರೆದಿಟ್ಟು, ಇಲ್ಲಿದೆ ನೋಡು ಎಂದು ಹೊಸದಕ್ಕೆ ತೋರಿಸುತ್ತಿತ್ತು. ಓದಿಕೊಂಡವರು ತೆರವು ಮಾಡಲಿ ಎಂದು ಹಳೆಯದು, ನನ್ನದಲ್ಲದ್ದನ್ನು ನಾನ್ಯಾಕೆ ಮುಟ್ಟಲಿ ಎಂದು ಹೊಸದು ಹಾಗೇ ಬಿಟ್ಟಿದ್ದವು. ಜಾಗವೆಲ್ಲ ತುಂಬಿ ಕಂಪ್ಯೂಟರಿಗೆ ಉಸಿರುಗಟ್ಟಿತ್ತು. ಓದಿಯಾದ ಕೂಡಲೇ ಹಳೆಯದನ್ನೇ ಕರೆದು, ಅದರ ಕೈಯಲ್ಲೇ ತೆರವು ಮಾಡಿಸುವ ಸಾಲೊಂದನ್ನು ಅವಳು ಸೇರಿಸಿದಳು. ಜಾಗ ಹಿಡಿದವರೇ ಬಿಡಿಸಬೇಕು ಎನ್ನುವುದು ಅವಳ ಕಸುಬಿನ ನಿಯಮ.

ನಿಯಮ ತಲೆಯಲ್ಲಿ ಕೂತುಬಿಟ್ಟಿತು ನೋಡಿ. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ, "ಅತ್ತೆ, ಆ ಬೂಟು ನೀವೇ ತೆಗೀಬೇಕು. ಹೆತ್ತೋರು ನೀವು" ಎಂದುಬಿಟ್ಟಳು.

ಚೀಲಕ್ಕೆ ಬಟ್ಟೆ ತುಂಬುತ್ತಿದ್ದ ಅತ್ತೆಯ ಮುಖ ಬಿಳಿಚಿತು. "ಹೆತ್ತೋಳಿಗೆ ಹೇಳೋ ಮಾತೇನೇ ಇದು? ನಿನಗೆ ಕರುಳು ಅನ್ನೋದಿದ್ಯಾ?"

ಇದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. "ನನ್ನ ಕೈಲಾಗ್ತಿಲ್ಲ ಅತ್ತೆ," ಅಂದಳು. "ಅದನ್ನ ತೆಗೆದ್ರೆ ಅವರು ಇನ್ನು ಬರೋದೇ ಇಲ್ಲ ಅಂತ ಆಗಿಬಿಡುತ್ತೆ. ಅಳೋಕೂ ಆಗ್ತಿಲ್ಲ ನಂಗೆ. ನೀವೂ ಹೋಗಬೇಡಿ."

ಅತ್ತೆ ಕೈಯಲ್ಲಿದ್ದ ಸೀರೆಯನ್ನು ಚೀಲದ ಮೇಲೆ ಬಿಟ್ಟು ಬಾಗಿಲ ಬಳಿ ಬಂದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಬಗ್ಗಿ ಒಂದು ಬೂಟು ಎತ್ತಿದರು. "ಇದು ನಾನು ತಗೋತೀನಿ. ಅದು ನೀನು ತಗೋ."

ಎತ್ತಿಕೊಂಡಳು. ಒಳಕೋಣೆಯ ಕಪಾಟಿನಲ್ಲಿ ಎರಡನ್ನೂ ಇಟ್ಟು ಬಾಗಿಲು ಹಾಕಿದರು. ಆಗಲೂ ಅವಳಿಗೆ ಅಳು ಬರಲಿಲ್ಲ.

"ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಅಂದಿದ್ದೆ," ಅಂದರು ಅತ್ತೆ. "ಮೊದಲಿನಷ್ಟೇ ಹಾಕು ಅಂತ ಫೋನ್ ಮಾಡಿ ಹೇಳ್ಬಿಡು."